ದಿನಕ್ಕೆ ನಾನೂರು ಸಂದೇಶ

ಸುಳ್ಳನ್ನು ಜರಡಿ ಹಿಡಿಯುವುದೂ ಒಂದು ನೌಕರಿ ಅಂದರೆ ನೀವು ನಗಬಹುದು. ಇದೆ ಕಣ್ರೀ. ಸರ್ಕಾರದ ಖರ್ಚಿನಲ್ಲಿ ನಡೆಯುವ ಸಂಶೋಧನೆ. ಜನ ಮೊಬೈಲಿನಲ್ಲಿ ಹಂಚುವ ಸುಳ್ಳನ್ನು ಮುಂದೆ ಯಂತ್ರವೇ ಹಿಡಿಯಬೇಕಂತೆ. ಅದಕ್ಕೆ ಮೊದಲು ಮನುಷ್ಯರು ಕೂತು ಯಂತ್ರಕ್ಕೆ ಪಾಠ ಹೇಳಬೇಕು. ಹಾಗೆ ಹೇಳುವವರಲ್ಲಿ ಒಬ್ಬಳು ನಮ್ಮ ಜರಡಿ ಮೇಡಂ.

ಮೂರನೇ ಮಹಡಿ, ಕಿಟಕಿ ತೆರೆಯದ ಕೋಣೆ, ಕಾಲು ಕುಂಟುವ ಕುರ್ಚಿ. ದಿನಕ್ಕೆ ನಾನೂರು ಸಂದೇಶ. ಒಂದು ಒತ್ತಿದರೆ ನಿಜ, ಎರಡು ಒತ್ತಿದರೆ ಸುಳ್ಳು, ಮೂರು ಒತ್ತಿದರೆ ಗೊತ್ತಿಲ್ಲ. ಯಾಕೆ ಅಂತ ಬರೆಯಲು ಜಾಗವೇ ಇಲ್ಲ. ಆರು ವರ್ಷಕ್ಕೆ ಎರಡರ ಗುಂಡಿಯ ಮೇಲಿನ ಅಂಕಿ ಸವೆದುಹೋಗಿತ್ತು. ಮೇಡಂ ಕೂಡ ಸವೆದಿದ್ದಳು. ಮನೆಗೆ ಬಂದರೆ ಎರಡು ಮಾತಾಡಲೂ ಬೇಜಾರು.

ಒಂದು ಭಾನುವಾರ ಅಕ್ಕನ ಮನೆಗೆ ಹೋದಳು. ತಾಯಿ ಹೋದ ಮೇಲೆ ಇವಳನ್ನು ಸಾಕಿದ ಅಕ್ಕ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಪಕ್ಕದ ಡಬ್ಬಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು ಹಾಗೇ ಇದ್ದವು.

"ಮಾತ್ರೆ ಮುಟ್ಟೇ ಇಲ್ವಲ್ಲೇ ಅಕ್ಕ?"

"ಬಿಟ್ಟು ಹದಿನೈದು ದಿನ ಆಯ್ತು. ಎಲೆ ಕುದಿಸಿದ ನೀರು ಸಾಕಂತೆ. ದೊಡ್ಡ ಡಾಕ್ಟ್ರೇ ಹೇಳಿದಾರೆ, ನೋಡು."

ಅಕ್ಕ ಚಾಚಿದ ಮೊಬೈಲಿನಲ್ಲಿ ಡಾಕ್ಟರ ಫೋಟೋ ಹಾಕಿದ ಸಂದೇಶವನ್ನು ಮೇಡಂ ನೋಡಿದಳು. "ಸುಳ್ಳು" ಅಂದು ವಾಪಸ್ ಕೊಟ್ಟು, ನೀರು ಕುಡಿಯಲು ಎದ್ದಳು. ಆಫೀಸಿನ ಚಾಳಿ.

ಅಕ್ಕನಿಗೆ ಉರಿದುಹೋಯಿತು. "ಅಷ್ಟೇನಾ? ನಾನೇನು ನಿಮ್ಮ ಆಫೀಸಿನ ಕಂಪ್ಯೂಟ್ರಾ?"

"ಈ ಸಂದೇಶ ಒಂದೇ ವಾರದಲ್ಲಿ ಒಂಬತ್ತು ಸಲ ಆಫೀಸಿಗೆ ಬಂತು ಕಣೇ. ಒಂಬತ್ತು ಸಲವೂ ಸುಳ್ಳು ಅಂತಲೇ ಹೇಳಿದೀನಿ."

"ಯಾರಿಗೆ ಹೇಳ್ದೆ?"

"ಯಂತ್ರಕ್ಕೆ."

"ಅದಕ್ಕೇನು ಸಕ್ಕರೆ ಕಾಯಿಲೆನಾ?"

ಮೇಡಂಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಕಾಲ್ಬೆರಳಿಗೆ ಸುತ್ತಿದ ಬಟ್ಟೆ ಗಾಯದ ಕೀವಿಗೆ ಒದ್ದೆಯಾಗಿತ್ತು. ಸ್ಟೂಲು ಎಳೆದುಕೊಂಡು ಹತ್ತಿರ ಕೂತು ಮೊಬೈಲನ್ನು ಮತ್ತೆ ಕೈಗೆತ್ತಿಕೊಂಡಳು.

"ಈ ಮುಖ ನೋಡು. ಹೋದ ತಿಂಗಳು ಇದೇ ಮನುಷ್ಯ ಕೂದಲು ಬೆಳೆಸೋ ಎಣ್ಣೆ ಮಾರ್ತಿದ್ದ. ಅದಕ್ಕೂ ಮೊದಲು ಮಂಡಿನೋವಿನ ಪಟ್ಟಿ. ಎಲ್ಲಿಯ ಡಾಕ್ಟ್ರೇ?"

"ಮತ್ತೆ ಇಷ್ಟು ಜನ ಕಳಿಸ್ತಾರಲ್ಲ?"

"ನೀನೆಷ್ಟು ಜನಕ್ಕೆ ಕಳಿಸಿದೆ?"

ಅಕ್ಕ ಕಿಟಕಿಯ ಕಡೆ ನೋಡಿದಳು. "ಹನ್ನೊಂದು."

ಆರು ವರ್ಷ ಬರೆಯಲು ಜಾಗ ಸಿಗದ 'ಯಾಕೆ'ಗಳನ್ನೆಲ್ಲ ಮೇಡಂ ಒಂದೊಂದಾಗಿ ಬಿಡಿಸಿ ಹೇಳಿದಳು. ಅಕ್ಕ ಸುಲಭಕ್ಕೆ ಸೋಲುವವಳಲ್ಲ. ಟೀ ಆರಿತು, ಗಂಟಲು ಒಣಗಿತು. ನಾನೂರು ಗುಂಡಿ ಒತ್ತುವುದೇ ಹಗುರ ಅನ್ನಿಸಿತು.

ಕೊನೆಗೆ ಅಕ್ಕ ಡಬ್ಬಿಯನ್ನು ಇವಳ ಮಡಿಲಿಗೆ ಹಾಕಿದಳು. "ನಾಳೆ ರಜೆ ಹಾಕು. ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಈಗ ಆ ಹನ್ನೊಂದು ಜನಕ್ಕೂ ಫೋನ್ ಮಾಡ್ತೀನಿ. ನನಗೆ ಹೇಳಿದ್ಯಲ್ಲ, ಅದನ್ನ ಅವರಿಗೂ ಹೇಳು."

"ಹನ್ನೊಂದು ಜನಕ್ಕೂನಾ?"

"ಮತ್ತೆ? ಸುಳ್ಳು ಅಂತ ಒಂದೇ ಮಾತಂದು ಫೋನ್ ಇಡ್ತೀಯಾ?"

ಮೇಡಂ ಉಸಿರುಬಿಟ್ಟು ಕೈ ಚಾಚಿದಳು. ಮೊದಲ ಫೋನು ಆಗಲೇ ರಿಂಗಾಗುತ್ತಿತ್ತು.