ಮಂಗಳವಾರದ ಉಗುರು

ನನ್ನ ಸೊಸೆಯ ಉಗುರುಗಳು ಬೆರಳಿನ ತುದಿಗಿಂತ ಒಂದು ಎಳ್ಳಿನಷ್ಟು ಒಳಗೇ ಇರುತ್ತಿದ್ದವು. ಅಷ್ಟು ಒತ್ತಿ ಕತ್ತರಿಸುತ್ತಿದ್ದಳು. ತುದಿಯ ಮಾಂಸ ಉಬ್ಬಿ ಮುಂದಕ್ಕೆ ಬಂದಿತ್ತು. ಪಿಲ್ಲಗುಂಪೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿ ಅವಳ ಕೆಲಸ. ಒಳಗೆ ಬಿಡುವ ಮುಂಚೆ ಬಾಗಿಲಲ್ಲೇ ಕೈ ಚಾಚಿಸಿ ನೋಡುತ್ತಿದ್ದರಂತೆ. ಉಗುರು ಬೆಳೆದಿರಬಾರದು, ಬಣ್ಣ ಇರಬಾರದು, ಬಳೆ ಇರಬಾರದು. ಬಳೆಯ ಮಾತು ಅವಳಿಗೆ ಬೇಕಿರಲಿಲ್ಲ. ನನ್ನ ಮಗ ಸತ್ತು ಆಗಲೇ ಎರಡು ವರ್ಷ ಆಗಿತ್ತು.

ಇಂಥವಳು ಒಂದು ದಿನ ಊಟ ಮಾಡುತ್ತಾ, ಹೆಂಗಸರ ಉಗುರು ತಿದ್ದಿ ಬಣ್ಣ ಹಾಕುವ ಕೆಲಸ ಕಲಿಯುತ್ತೇನೆ ಅಂದಳು. ನಿಂತುಕೊಂಡೇ ಉಣ್ಣುತ್ತಿದ್ದಳು. ದಿನಾ ಎಂಟು ಗಂಟೆ ನಿಂತು ನಿಂತು ಕೂರುವುದೇ ಮರೆತುಹೋಗಿತ್ತು. ಮೀನಖಂಡದ ನರಗಳು ಹಗ್ಗದ ಹಾಗೆ ಎದ್ದಿದ್ದವು.

"ಈ ಕಾಲು ಇನ್ನು ನಾಕು ವರ್ಷ ಬರ್ತವೆ ಅತ್ತೆ, ಅಷ್ಟೆ. ಆ ಕೆಲಸ ಆದ್ರೆ ಕೂತ್ಕೊಂಡು ಮಾಡೋದು," ಅಂದಳು.

ನಾನು ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಮಗ ಹೋದ ಮೇಲೆ ನಮ್ಮ ಮನೆಯಲ್ಲಿ ಬೇಕು ಬೇಡ ಎರಡೂ ಒಂದೇ ಆಗಿದ್ದವು.

ಫ್ಯಾಕ್ಟರಿ ಬಿಟ್ಟು ಕಲಿಯುವ ಹಾಗಿರಲಿಲ್ಲ. ಮನೆಗೆ ಬರುತ್ತಿದ್ದದ್ದು ಆ ಸಂಬಳ ಒಂದೇ. ಅವಳು ಕೂಡಿಟ್ಟಿದ್ದು ಒಂದು ಸಲದ ಫೀಸಿಗೆ ಆಗುವಷ್ಟು. ಸೇರಬಾರದ ಕಡೆ ಸೇರಿದರೆ ದುಡ್ಡೂ ಹೋಯಿತು, ಕಾಲೂ ಹೋಯಿತು. ಅದಕ್ಕೇ ಮಾತ್ರೆ ಡಬ್ಬಿಯ ರಟ್ಟಿನ ಹಿಂದೆ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಯಾವ ವಾರ? ಯಾರ ಕೈ ಮೇಲೆ? ತಪ್ಪಿದರೆ ತಿದ್ದಲು ಪಕ್ಕದಲ್ಲಿ ಯಾರಿರುತ್ತಾರೆ? ಕಲಿತವರು ಈಗ ಎಲ್ಲಿದ್ದಾರೆ? ಬಸ್ಸಲ್ಲಿ ಪಕ್ಕಕ್ಕೆ ಕೂತವಳ ಉಗುರು ಚೆನ್ನಾಗಿ ಕಂಡರೆ ಅವಳನ್ನೂ ಕೇಳುತ್ತಿದ್ದಳು, ಎಲ್ಲಿ ಮಾಡಿಸಿದ್ದು, ಮಾಡಿದವಳು ಎಲ್ಲಿ ಕಲಿತಿದ್ದು ಅಂತ. ಮನೆಯಲ್ಲಿ ಮಾತಿಲ್ಲದವಳು ಬಸ್ಸಲ್ಲಿ ಹೀಗೆ.

ಮೊದಲನೇ ಪ್ರಶ್ನೆಗೇ ಕೆಲಸ ಕೆಡುತ್ತಿತ್ತು. ಕೆಲಸಕ್ಕೆ ಹೋಗುವವರಿಗೆ ಹೆಚ್ಚಿನ ಕಡೆ ಶನಿವಾರ, ಭಾನುವಾರ ಪಾಠ. ಅವಳ ವಾರದ ರಜೆ ಮಂಗಳವಾರ. ಸೂಪರ್‌ವೈಸರನ್ನು ಕೇಳಿದಳು. ಚಿಕ್ಕ ಮಕ್ಕಳ ತಾಯಂದಿರಿಗೆ ಮಾತ್ರ ಭಾನುವಾರ ಕೊಡುವುದು, ನಿನಗೆ ಮಕ್ಕಳಿಲ್ಲವಲ್ಲ ಅಂದನಂತೆ. ಅದನ್ನು ಮನೆಗೆ ಬಂದು ಹೇಳಿದಳು, ತಟ್ಟೆ ತೊಳೆದಿಟ್ಟಳು.

ಫೋನಿನಲ್ಲೇ ಕಲಿಸುವವರೂ ಇದ್ದರು. ಪ್ಲಾಸ್ಟಿಕ್ಕಿನ ಕೈಯೊಂದನ್ನು ಮನೆಗೆ ಕಳಿಸುತ್ತಾರೆ, ಯಾವಾಗ ಬೇಕಾದರೂ ನೋಡಿ ಕಲಿಯಬಹುದು, ಕೊನೆಗೆ ಸರ್ಟಿಫಿಕೇಟು. ಅದೇ ಸುಲಭ, ಸೇರಿಕೋ ಅಂದೆ ನಾನು.

"ನೋಡೋಣ ಅತ್ತೆ," ಅಂದಳು. ಎಲ್ಲದಕ್ಕೂ ಅವಳದು ಅದೇ ಮಾತು. ಆದರೆ ಸೇರಲಿಲ್ಲ. ತಪ್ಪಾಗಿ ಕತ್ತರಿಸಿದರೆ ಪ್ಲಾಸ್ಟಿಕ್ಕು ಅಮ್ಮಾ ಅನ್ನುವುದಿಲ್ಲವಲ್ಲ ಅಂದಳು.

ಓಣಿಯಲ್ಲಿ ಸುದ್ದಿಯಾಯಿತು. ಎದುರು ಮನೆಯವಳು ನಲ್ಲಿ ಹತ್ತಿರ ನನ್ನನ್ನು ಕೆಣಕಿದಳು. "ಏನಕ್ಕಾ, ನಿನ್ನ ಸೊಸೆ ಊರೋರ ಉಗುರು ಕೆರೆಯೋಕೆ ಕಲೀತಾವ್ಳಂತೆ?"

"ಹೂಂ ಕಣೆ. ನಿನ್ನ ಕಾಲುಗುರಿಗೆ ಮಾತ್ರ ಕುಡುಗೋಲು ಬೇಕು ಅಂತಾವ್ಳೆ," ಅಂದೆ.

ಒಂದು ಮಂಗಳವಾರ ಬೆಂಗಳೂರಿನ ದೊಡ್ಡ ಜಾಗಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಸೇರುವ ಮುಂಚೆ ಒಂದು ದಿನ ಬಂದು ನೋಡಬಹುದು, ಅಭ್ಯಾಸಕ್ಕೆ ಕೈ ಕೊಡುವವರನ್ನು ನೀವೇ ಕರೆತನ್ನಿ ಅಂದಿದ್ದರಂತೆ. ಅವಳಿಗೆ ಸಿಕ್ಕಿದ್ದು ನನ್ನ ಕೈ. ಮದುವೆಗೆ ಮುಂಚಿನಿಂದಲೂ ಕುದಿಯುವ ನೀರಿನಲ್ಲಿ ರೇಷ್ಮೆ ಗೂಡು ಆಡಿಸಿ ನೂಲು ತೆಗೆದ ಕೈ. ಬೆರಳ ತುದಿಗೆ ಬಿಸಿ ತಣ್ಣಗೆ ಗೊತ್ತಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಹೆಬ್ಬೆರಳಿನ ಉಗುರು ಹಳದಿಯಾಗಿ, ದಪ್ಪಗೆ ಎದ್ದು ನಿಂತಿತ್ತು. ಅಲ್ಲಿದ್ದ ಹುಡುಗಿ ನೋಡಿ ಮುಖ ತಿರುಗಿಸಲಿಲ್ಲ, ಸುಳ್ಳು ಹೇಳಬಾರದು. ಮೇಲೆ ಒಂದು ಅಂಟಿನ ಉಗುರು ಕೂರಿಸಿಬಿಟ್ಟರೆ ಇದು ಕಾಣುವುದೇ ಇಲ್ಲ ಅಂದಳು. ಸೊಸೆ ಉಳಿದ ಪ್ರಶ್ನೆ ಕೇಳದೇ ರಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಹೊಸಕೋಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಒಂದು ಸಣ್ಣ ಪಾರ್ಲರು. ಬಸ್ಸಲ್ಲಿ ಯಾರೋ ಹೇಳಿದ್ದು. ನಾವು ಹೋದಾಗ ಒಬ್ಬ ಗಿರಾಕಿಯೂ ಇರಲಿಲ್ಲ. ಮಂಗಳವಾರ ನಮ್ಮ ಕಡೆ ಯಾರು ಕೂದಲು, ಉಗುರು ತೆಗೆಸುತ್ತಾರೆ? ನಡೆಸುತ್ತಿದ್ದ ಹೆಂಗಸು ಕನ್ನಡಕ ಹಾಕಿಕೊಂಡು ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದಳು. ಇದಕ್ಕೆ ಯಾವ ಬಣ್ಣ ಹಾಕುತ್ತೀಯಾ ಅಂತ ಸೊಸೆಯನ್ನು ಕೇಳಿದಳು. ಕೆಂಪು ಅಂದಳು ಇವಳು.

"ಹಾಕ್ಬಾರ್ದು. ಒಳಗೆ ಹುಳುಕು ಹಿಡಿದೈತೆ. ಡಾಕ್ಟರಿಗೆ ತೋರಿಸು ಮೊದಲು. ನನ್ನ ಹತ್ರ ಬಂದ್ರೆ ಮೂರು ತಿಂಗಳು ಬಣ್ಣ ಮುಟ್ಟೋಕೆ ಬಿಡಲ್ಲ. ಒಂದು ವರ್ಷ ಹಿಡಿಯುತ್ತೆ. ವಾರಕ್ಕೊಂದು ದಿನ, ಮಂಗಳವಾರ. ಅವತ್ತು ನಂಗೂ ಕೆಲಸ ಇರಲ್ಲ."

ಅಲ್ಲಿ ಕಲಿತವಳೊಬ್ಬಳು ಅದೇ ಬೀದಿಯಲ್ಲಿ ಅಂಗಡಿ ಇಟ್ಟಿದ್ದಳು. ಸೊಸೆ ಅವಳನ್ನೂ ಕಂಡು ಮಾತಾಡಿ ಬಂದು, ಅಲ್ಲಿಯೇ ಸೇರಿದಳು.

ಸಿಕ್ಕಿಕೊಂಡಿದ್ದು ಈಗ ನಾನು, ಅಲ್ಲೂ ಕಲಿಯೋದಕ್ಕೆ ನನ್ನ ಕೈಯೇ ಬೇಕಿತ್ತು. ಮಂಗಳವಾರ, ಶುಕ್ರವಾರ ನಮ್ಮ ಮನೆಯಲ್ಲಿ ಉಗುರು ಕತ್ತರಿಸುವುದಿಲ್ಲ, ಮನೆಗೆ ಕೇಡು. ನಮ್ಮತ್ತೆ ಕಾಲದಿಂದ ಬಂದದ್ದು. ಬೇರೆಯವರ ಕೈ ಹಿಡಿ, ನಾನು ಬರಲ್ಲ ಅಂದೆ. ನೋಡೋಣ ಅತ್ತೆ ಅಂದಳು. ಆ ಮಂಗಳವಾರ ಬೆಳಿಗ್ಗೆ ಉಗುರಿನ ಸಾಮಾನು ತುಂಬಿದ ತಗಡಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹತ್ತಿರ ಕೂತಳು. ಬಾ ಅನ್ನಲಿಲ್ಲ, ಹೋಗಲೂ ಇಲ್ಲ. ಮಗನ ಸಾವಿನ ನಂತರ ಅವಳು ಮನೆಯಲ್ಲಿ ಕೂತದ್ದನ್ನು ಆವತ್ತೇ ನಾನು ನೋಡಿದ್ದು. ಒಲೆ ಆರಿಸಿ ಎದ್ದು ಬಂದೆ.

"ಆಗೋ ಕೇಡು ಆಗೋಗೈತೆ. ನಡಿ," ಅಂದೆ.

ವರ್ಷವಿಡೀ ಹೋದೆವು. ಡಾಕ್ಟರು ಕೊಟ್ಟ ಮುಲಾಮನ್ನು ದಿನಾ ಅವಳೇ ಹಚ್ಚಿದಳು. ಹೆಬ್ಬೆರಳಿನ ಉಗುರು ಬುಡದಿಂದ ತೆಳ್ಳಗೆ ಹೊಸದಾಗಿ ಬಂತು. ಅವಳು ಉಜ್ಜುವುದು, ಹಿಡಿಯುವುದು ನನಗೆ ಕಾಣುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಬಣ್ಣ ಹಾಕುವಾಗ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು, ಮಧ್ಯ ಒಂದು, ಆ ಕಡೆ ಒಂದು, ಈ ಕಡೆ ಒಂದು. ಚರ್ಮಕ್ಕೆ ತಾಗಿದರೆ ಒರೆಸಿ ಮತ್ತೆ ಮೊದಲಿಂದ. ಕಲಿತದ್ದು ಮುಗಿದ ಮೇಲೆ ದೇವನಹಳ್ಳಿ ಕಡೆ ಹೋಟೆಲೊಂದರ ಪಾರ್ಲರಿನಲ್ಲಿ ಕೆಲಸ ಸಿಕ್ಕಿತು. ಫ್ಯಾಕ್ಟರಿ ಬಿಟ್ಟಳು. ಕೂತು ಮಾಡುವ ಕೆಲಸ. ಮನೆಯಲ್ಲೂ ಕೂತು ಉಣ್ಣತೊಡಗಿದಳು.

ಎಂಟು ತಿಂಗಳು. ಆಮೇಲೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದ ಐದನೇ ದಿನ ಹೋದಳು. ನನಗೆ ಅಳು ಬರಲಿಲ್ಲ. ಮಗನಿಗೇ ಮುಗಿದಿತ್ತೋ ಏನೋ.

ಮನೆ ಮುಂದೆ ಮಲಗಿಸಿದಾಗ ಅವಳ ಕೈ ನೋಡಿದೆ. ಉಗುರು ಬೋಳು. ಫ್ಯಾಕ್ಟರಿ ಬಿಟ್ಟ ಮೇಲೂ ತನ್ನ ಕೈಗೆ ಒಂದು ದಿನವೂ ಬಣ್ಣ ಹಾಕಿಕೊಂಡವಳಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಕೆಂಪು ಸೀಸೆ ತಂದು ಪಕ್ಕದಲ್ಲಿ ಕೂತೆ. ಗಂಡ ಸತ್ತವಳಿಗೆ ಇದೆಲ್ಲ ಯಾಕಕ್ಕಾ ಅಂತ ಎದುರು ಮನೆಯವಳು ಮೆಲ್ಲಗೆ ಕೇಳಿದಳು.

"ಇದು ಅವಳ ಕಸುಬು ಕಣೆ," ಅಂದೆ.

ಮಧ್ಯ ಒಂದು, ಆ ಕಡೆ ಒಂದು, ಈ ಕಡೆ ಒಂದು. ನನ್ನ ಬೆರಳಿಗೆ ಹಿಡಿತ ಇಲ್ಲ, ಚರ್ಮಕ್ಕೆಲ್ಲ ತಾಗಿತು. ಒರೆಸಿ ಮತ್ತೆ ಹಾಕಿದೆ. ಬಲಗೈ ಆಯಿತು. ಎಡಗೈ ಹಿಡಿಯುವಷ್ಟರಲ್ಲಿ ಹೊತ್ತಾಯಿತು ಅಂತ ಎತ್ತಿದರು.

ಈಗ ನನ್ನ ಉಗುರು ನಾನೇ ಕತ್ತರಿಸಿಕೊಳ್ಳುತ್ತೇನೆ, ಅವಳು ತೋರಿಸಿದ ಹಾಗೆ, ಮೂಲೆ ಒಳಗೆ ಹೋಗದಂತೆ ನೇರಕ್ಕೆ. ಮಂಗಳವಾರವೇ ಕತ್ತರಿಸುತ್ತೇನೆ.