ಓತಿಕ್ಯಾತನ ಬಾಯಿಗೆ ತಂಬಾಕು

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ. ಕೆಲವು ಸಿಟ್ಟುಗಳಂತೂ ಬಂದವು ಹೋಗಿಯೇ ಇಲ್ಲ, ಹಳೇ ಬಾಡಿಗೆದಾರರಂತೆ ಒಳಗೇ ಉಳಿದುಬಿಟ್ಟಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಿರಿಯದು ಗೇಣುದ್ದವೂ ಇಲ್ಲದ ಒಂದು ಓತಿಕ್ಯಾತನ ಸಲುವಾಗಿ ಬಂದದ್ದು. ನಗಬೇಡಿ. ಆಗ ನಕ್ಕವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಮನೆ ಚಿಕ್ಕೋಡಿಯಲ್ಲಿ. ಗಂಡ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದರು. ಅತ್ತೆ ಗಂಗವ್ವ ಮನೆಯಲ್ಲಿ ನಮ್ಮಿಬ್ಬರಿಗೂ ಬದುಕು ಕಲಿಸುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಓತಿಕ್ಯಾತನ ಮರಿಯೊಂದು ಬಿದ್ದಿತ್ತು. ನೀರು ಸಿಡಿದರೂ ಓಡಲಿಲ್ಲ. ಕಣ್ಣು ಒಳಸೇರಿದ್ದವು, ಚರ್ಮ ಸುಕ್ಕುಗಟ್ಟಿತ್ತು. ಬೇಲಿಯ ಮೇಲೆ ಕೂತು ಊರಿಗೆಲ್ಲ ತಲೆ ಕುಣಿಸುವ ಆ ಜಾತಿಯ ಗತ್ತು ಅದರಲ್ಲಿ ಹುಡುಕಿದರೂ ಇರಲಿಲ್ಲ. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ದಿನ ಜ್ವರವೆಂದು ಮನೆಯಲ್ಲೇ ಮಲಗಿದ್ದವಳು ನಾನು. ಅಂಥವಳು ಅದನ್ನು ಬರಿಗೈಯಲ್ಲಿ ಎತ್ತಿ ಬಿದಿರಿನ ಬುಟ್ಟಿಗೆ ಹಾಕಿ, ಮೇಲೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದೆ.

ಅಲ್ಲಿಂದ ಶುರುವಾಯಿತು ಉಪದೇಶ. ಹಾಲು ಹಾಕು ಎಂದರು ಕೆಲವರು, ಅನ್ನ ಹಾಕು ಎಂದರು ಕೆಲವರು. ಹಾಲು ಕುಡಿಯಲು ಅದೇನು ಬೆಕ್ಕೇ? ದನದ ಡಾಕ್ಟರರ ಬಳಿ ಒಯ್ದರೆ ಅವರು ಬುಟ್ಟಿಯೊಳಗೆ ಇಣುಕಿ, "ಎಮ್ಮಿ ಇದ್ರ ತರ್ರಿ ಅಕ್ಕಾರ, ಇದಕ್ಕೇನ ನೋಡೂದು" ಎಂದರು. ನಳದ ಹತ್ತಿರ ನೆರೆಮನೆಯ ಶಾಂತಕ್ಕ ನನಗೆ ಕೇಳಿಸುವ ಹಾಗೆಯೇ ಇನ್ನೊಬ್ಬಳಿಗೆ ಹೇಳಿದಳು: "ಲಗ್ನ ಆಗಿ ಇಷ್ಟ ವರ್ಷಾತು, ಮಕ್ಕಳಿಲ್ಲ ನೋಡ. ಪಾಪ, ಓತಿಕ್ಯಾತ ಸಾಕಾಕತ್ತಾಳ." ಆ 'ಪಾಪ' ಇದೆಯಲ್ಲ, ಅದನ್ನು ನನ್ನ ತುಂಬಿದ ಕೊಡದ ಸಮೇತ ಅವಳ ತಲೆಗೇ ಹಾಕಬೇಕೆನಿಸಿತ್ತು. ಮಕ್ಕಳು ಆಮೇಲೆ ಆದವು. ಅದಕ್ಕೂ ಓತಿಕ್ಯಾತ ಸಾಕಿದ ಪುಣ್ಯಕ್ಕೂ ಗಂಟು ಹಾಕಿದವರಿದ್ದಾರೆ. ಅವರ ಮೇಲೂ ಸಿಟ್ಟಿದೆ.

ಮರಿಗೆ ಬೇಕಾಗಿದ್ದದ್ದು ಬಿಸಿಲು. ಅದು ನನಗೆ ತಿಳಿದದ್ದು ಅಕಸ್ಮಾತ್ತಾಗಿ. ಬುಟ್ಟಿ ತೊಳೆಯಲೆಂದು ಅದನ್ನು ಎಳೆಬಿಸಿಲಲ್ಲಿ ಬಿದ್ದಿದ್ದ ಒಂದು ಹಂಚಿನ ತುಂಡಿನ ಮೇಲಿಟ್ಟಿದ್ದೆ. ಮೈ ಮೊದಲು ಕಪ್ಪಾಯಿತು, ಕಾದ ಮೇಲೆ ತಿಳಿಯಾಯಿತು, ಆಮೇಲೆ ಕತ್ತು ಮೇಲೆದ್ದಿತು. ಎಲೆಯ ಮೇಲೆ ನೀರಿನ ಹನಿ ಬಿಟ್ಟರೆ ನೆಕ್ಕಿತು. ಎದುರಿಗೆ ಹೊರಟಿದ್ದ ಇರುವೆಯನ್ನು ನಾಲಿಗೆಯಿಂದ ಎಳೆದುಕೊಂಡಿತು. ಹೊಟ್ಟೆಗೆ ಬಿದ್ದದ್ದು ಕರಗಬೇಕಾದರೂ ಅದಕ್ಕೆ ಮೈ ಕಾಯಬೇಕು. ನಾವು ಅದನ್ನು ನೆರಳಲ್ಲಿ ಮುಚ್ಚಿಟ್ಟು 'ಸೋಮಾರಿ' ಎನ್ನುತ್ತಿದ್ದೆವು.

ಈ ಪ್ರಾಣಿಯನ್ನು ನಮ್ಮ ಭಾಷೆಯೂ ಸುಮ್ಮನೆ ಬಿಟ್ಟಿಲ್ಲ. ಸುಳ್ಳುಸಾಕ್ಷಿ ಹೇಳುವವನನ್ನು ಕಂಡರೆ ಓತಿಕ್ಯಾತನಿಗೆ ಬೇಲಿ ಸಾಕ್ಷಿ ಎನ್ನುತ್ತೇವೆ. ಪಕ್ಷ ಬದಲಿಸಿದವನು ಗೋಸುಂಬೆ. ಪಾಪದ ಪ್ರಾಣಿ ಬಣ್ಣ ಬದಲಿಸುವುದು ಬಿಸಿಲಿಗೆ, ಹೆದರಿಕೆಗೆ, ಹೆಣ್ಣಿಗೆ. ಮಂತ್ರಿಗಿರಿಗೆ ಬಣ್ಣ ಬದಲಿಸಿದ ಒಂದೇ ಒಂದು ಓತಿಕ್ಯಾತನನ್ನೂ ನಾನು ನೋಡಿಲ್ಲ.

ಅತ್ತೆಗೆ ಅದನ್ನು ಕಂಡರಾಗುತ್ತಿರಲಿಲ್ಲ. "ಮನ್ಯಾಗ ಇಂಥಾ ಹುಳಾ ಯಾಕಬೇ" ಎಂದು ಗೊಣಗುತ್ತಿದ್ದರು. ಆದರೆ ಒಂದು ದಿನ ಕಟ್ಟಿಗೆಯ ರಾಶಿ ಕೆದಕಿ ಒಂದು ಹಿಡಿ ಗೆದ್ದಲು ತಂದು ಬುಟ್ಟಿಯಲ್ಲಿ ಸುರುವಿದರು. "ಕಟ್ಟಿಗಿ ಹಾಳಾಗ್ತಾವಂತ ತಗದೇನಿ. ನಿನ್ನ ಹುಳದ ಸಲುವಾಗಿ ಅಲ್ಲ" ಎಂದರು.

ಹೀಗೆ ಮರಿ ಚೇತರಿಸಿಕೊಳ್ಳುತ್ತಿದ್ದಾಗ, ಒಂದು ಭಾನುವಾರ ನಿಪ್ಪಾಣಿಯಿಂದ ಭೀಮಗೊಂಡ ಮಾಮಾ ಬಂದರು. ಅತ್ತೆಯ ತಮ್ಮ, ತಂಬಾಕಿನ ದಲಾಲಿ. ಅವರು ಬಂದರೆ ಮನೆ ತುಂಬ ನಗು. ಅವರ ನಗುವಿಗೆ ಯಾವಾಗಲೂ ಯಾರಾದರೊಬ್ಬರು ಸಿಗಬೇಕಿತ್ತು, ಅಷ್ಟೇ.

ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಹಿತ್ತಲಿಂದ ಗಂಡಸರ ನಗು ಕೇಳಿ ಹೊರಗೆ ಬಂದೆ. ಬುಟ್ಟಿಯ ಪರದೆ ಬಿಚ್ಚಿತ್ತು. ಮಾಮಾ ಸುಣ್ಣ ಹಚ್ಚಿ ತಿಕ್ಕಿದ ತಂಬಾಕಿನ ಚಿಟಿಕೆಯನ್ನು ಮರಿಯ ಬಾಯಿಗೆ ತುರುಕಿ ನೆಲದ ಮೇಲೆ ಬಿಟ್ಟಿದ್ದರು. ಅದು ಬಾಯಿ ತೆರೆದು, ನಿಲ್ಲಲಾರದೆ ಅತ್ತ ಇತ್ತ ವಾಲುತ್ತಿತ್ತು. "ನೋಡ್ರಿ, ಕುಡುದ ಪೈಲವಾನ" ಎನ್ನುತ್ತಿದ್ದರು ಮಾಮಾ. ಓಣಿಯ ಇಬ್ಬರು ಹೊಟ್ಟೆ ಹಿಡಿದುಕೊಂಡಿದ್ದರು. ಜೊತೆಗೆ ನನ್ನ ಗಂಡನೂ ನಗುತ್ತಿದ್ದರು.

ನಾನು ಮರಿಯನ್ನು ಎತ್ತಿಕೊಂಡು, ತಲೆ ಕೆಳಗೆ ಮಾಡಿ, ಒದ್ದೆ ಹತ್ತಿಯ ಬತ್ತಿಯಿಂದ ಬಾಯಿ ಒರೆಸತೊಡಗಿದೆ.

"ಸುಶೀಲಾ, ಸರಡಾ ಐತಿ ಅದು, ಕೂಸಲ್ಲ" ಎಂದರು ಮಾಮಾ. "ಮರಾಠ್ಯಾಗ ಅಂತಾರಲ್ಲ, ಸರಡ್ಯಾಚೀ ಧಾವ್ ಕುಂಪಣಾಪರ್ಯಂತ್. ಓತಿಕ್ಯಾತ ಓಡಿದ್ರೂ ಬೇಲಿತನಕ. ಇದು ಸತ್ರ ಇನ್ನೊಂದ ಹಿಡಕೊಡ್ತೇನಿ ತಗೋ."

ಆ ಮನೆಗೆ ಬಂದಾಗಿನಿಂದ ನಾನು ಹಿರಿಯರಿಗೆ ಎದುರು ಮಾತಾಡಿರಲಿಲ್ಲ. ಅಂದು ನನ್ನ ದನಿ ನನಗೇ ಗುರುತು ಸಿಗದಷ್ಟು ತಣ್ಣಗಿತ್ತು. "ಮಾಮಾ, ಹೋಳಿಗಿ ತಯಾರ ಅದಾವ್ರಿ. ಇದು ಎದ್ದ ನಿಂತ ಮ್ಯಾಲೆ ಬಡಸ್ತೇನಿ."

ನಗು ನಿಂತಿತು. "ಸುಶೀಲಾ" ಎಂದರು ಗಂಡ, ಶಾಲೆಯ ದನಿಯಲ್ಲಿ.

"ನಿಮಗೂ ಅಷ್ಟರಿ" ಎಂದೆ.

ಎಲ್ಲರೂ ಅತ್ತೆಯ ಮುಖ ನೋಡಿದರು. ತವರಿನಿಂದ ಬಂದ ಒಬ್ಬನೇ ತಮ್ಮ, ಅದೂ ಹೋಳಿಗೆಯ ದಿನ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದದ್ದನ್ನು ಒಮ್ಮೆ ನೋಡಿದರು. "ಸೊಸಿ ಹೇಳಿದ್ದ ಕೇಳಿಸ್ತಿಲ್ಲೋ ಭೀಮ್ಯಾ? ಕುಂಡ್ರ ಅಲ್ಲೇ. ನೀ ಹೂಡಿದ ಆಟ ಮುಗೀಲಿ, ಆಮ್ಯಾಲ ಊಟ."

ಓಣಿಯವರು ಮೆಲ್ಲಗೆ ಜಾರಿಕೊಂಡರು. ಮಾಮಾ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತರು. ಒಳಗಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ಕೊನೆಗೆ ತಲೆಗೆ ಪಟಕಾ ಸುತ್ತಿಕೊಂಡು, ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಗಂಡ ಚಪ್ಪಲಿಯನ್ನೂ ಮೆಟ್ಟದೆ ಅವರ ಹಿಂದೆ ಓಡಿದರು.

ಅತ್ತೆ ನನ್ನ ಪಕ್ಕ ಬಂದು ಕೂತರು. ನಾನು ಹನಿಹನಿಯಾಗಿ ನೀರು ಬಿಡುತ್ತಿದ್ದೆ, ಅವರು ನೋಡುತ್ತಿದ್ದರು. ಮರಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು: "ಭೀಮ್ಯಾ ಸಣ್ಣವಿದ್ದಾಗ ಬೆಕ್ಕಿನ ಬಾಲಕ್ಕ ಡಬ್ಬಿ ಕಟ್ಟತಿದ್ದ. ನಾವೆಲ್ಲಾ ನಗತಿದ್ವಿ. ಅವ್ವಾನೂ ನಗತಿದ್ಲು. ಆವಾಗ ಒಬ್ಬರಾದ್ರೂ ಸಿಟ್ಟಿಗೇಳಬೇಕಿತ್ತು."

ಬಿಸಿಲು ಇಳಿಯುವಾಗ ಮರಿ ಬಾಯಿ ಮುಚ್ಚಿ ಒಂದು ಕಾಲು ಎಳೆದುಕೊಂಡಿತು. ಮರುದಿನ ಹಂಚಿನ ಮೇಲೆ ನಿಂತಿತು. ಗಂಡ ತಪ್ಪಾಯಿತು ಎನ್ನಲಿಲ್ಲ, ಆ ಪದ ಅವರ ಗಣಿತದಲ್ಲಿರಲಿಲ್ಲ. ಆದರೆ ಆ ವಾರವೆಲ್ಲ ಶಾಲೆಯಿಂದ ಬರುವಾಗ ಕಡ್ಡಿಪೆಟ್ಟಿಗೆಯಲ್ಲಿ ಪುಟ್ಟ ಮಿಡತೆ ಹಿಡಿದು ತಂದು ಕಟ್ಟೆಯ ಮೇಲಿಟ್ಟು ಏನೂ ಆಗದವರಂತೆ ಕೈಕಾಲು ತೊಳೆಯಲು ಹೋಗುತ್ತಿದ್ದರು. ಬಿಳಿ ಪಾಯಿಜಾಮದ ಮೊಣಕಾಲಿಗೆ ಹುಲ್ಲಿನ ಕಲೆ. ಚಳಿ ಕಳೆದು ಬಿಸಿಲು ಬಲಿತ ಮೇಲೆ ಮರಿಯನ್ನು ಬೇಲಿಯ ಮೇಲೆ ಬಿಟ್ಟೆ. ಹಿಂದಿರುಗಿ ನೋಡದೆ ಹೋಯಿತು. ಅದು ಸರಿಯೇ.

ಮಾಮಾ ಬಹಳ ದಿನ ಬರಲಿಲ್ಲ. ಬಂದಾಗ ನಾನೇ ತುಪ್ಪ ಹಾಕಿ ಬಡಿಸಿದೆ. ಆದರೆ ಬಡಿಸುವುದು ಬೇರೆ, ಮರೆಯುವುದು ಬೇರೆ. ಬಳಗದಲ್ಲಿ ನಾನು ಇಂದಿಗೂ ಹುಳದ ಸಲುವಾಗಿ ಮಾಮಾನನ್ನು ಉಪವಾಸ ಕಳಿಸಿದವಳು.

ಸಿಟ್ಟು ಬಿಡು, ರಕ್ತದೊತ್ತಡ ಬರುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಎಲ್ಲವನ್ನೂ ಬಿಡಲಾಗದು ಎನ್ನುತ್ತೇನೆ. ಸಿಟ್ಟು ಬಂದಾಗ ಒಂದು ಮಾತು ಕೇಳಿಕೊಳ್ಳುತ್ತೇನೆ: ಇದು ನನ್ನ ಸಲುವಾಗಿ ಬಂದದ್ದೋ, ಮಾತು ಬರದ ಯಾವುದರದೋ ಸಲುವಾಗಿ ಬಂದದ್ದೋ? ನನ್ನ ಸಲುವಾಗಿಯಾದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತೇನೆ. ಇಲ್ಲದಿದ್ದರೆ ಅಂದು ನಮ್ಮ ಮನೆಯಲ್ಲಿ ಊಟ ತಡವಾಗುತ್ತದೆ.