ಇಲ್ಲದ ಇಲಿಗಳ ಪ್ರಬಂಧ

ಹುವಾಯ್ ನದಿ ದಂಡೆಯ ನಮ್ಮೂರಿನ ಆಸ್ಪತ್ರೆಯಲ್ಲಿ ರುವಾನ್ ಷುಚಿನ್ ಹೆರಿಗೆ ಡಾಕ್ಟರು. ನಾನು ಅವರ ಜೊತೆಯ ನರ್ಸು. ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ ನೀವಿ ಸರಿಪಡಿಸುತ್ತಿದ್ದ ಕೈ ಅವರದು. ಆದರೂ ಬಡ್ತಿ ಸಿಗಲಿಲ್ಲ. ಅದಕ್ಕೆ ವಿದೇಶಿ ಪತ್ರಿಕೆಯಲ್ಲಿ ಸಂಶೋಧನಾ ಪ್ರಬಂಧ ಅಚ್ಚಾಗಿರಬೇಕಿತ್ತು. ಮೂರು ಹೊತ್ತೂ ಹೆರಿಗೆ ಮಾಡಿಸುವವರು ಸಂಶೋಧನೆಗೆ ಕೂರುವುದು ಯಾವಾಗ ಎಂದು ಯಾರೂ ಕೇಳಲಿಲ್ಲ.

ವಿಭಾಗದ ಮುಖ್ಯಸ್ಥ ಪಾಂಗ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಾ ರುವಾನರಿಗೆ ದಾರಿ ತೋರಿಸಿದ.

"ಬರ್ಕೊಡೋ ಏಜೆಂಟ್ರು ಇದಾರೆ ಕಣಮ್ಮ. ದುಡ್ಡು, ಹೆಸರು ಕೊಟ್ರೆ ಸಾಕು."

"ಮಾಡದ ಕೆಲ್ಸಕ್ಕೆ ನನ್ನ ಹೆಸರಾ ಸಾರ್?"

"ಬಂದ್ಲು ನೋಡು ಸತ್ಯವಂತೆ. ನಂದೆಲ್ಲಾ ನಾನೇ ಬರ್ದೆ ಅಂದ್ಕೊಂಡ್ಯಾ?"

ಹೊಲಿಗೆ ಹಾಕಲು ಬಾರದ ಹುಡುಗರೆಲ್ಲ ಬಡ್ತಿ ಪಡೆದು ತಲೆಯ ಮೇಲೆ ಬಂದು ಕೂತಾಗ ರುವಾನ್ ಸೋತು ಒಪ್ಪಿದರು. ಮೂಳೆ ಕ್ಯಾನ್ಸರಿನ ಇಲಿಗಳಿಗೆ ಯಾವುದೋ ಬೇರಿನ ಪುಡಿ ತಿನ್ನಿಸಿ ಗೆಡ್ಡೆ ಕರಗಿಸಿದ ಪ್ರಬಂಧ ಅವರ ಹೆಸರಲ್ಲಿ ಅಚ್ಚಾಯಿತು. ನಮ್ಮ ಆಸ್ಪತ್ರೆಯಲ್ಲಿ ಇಲಿ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಪ್ರಬಂಧಗಳ ಸಂಖ್ಯೆ ದುಪ್ಪಟ್ಟಾಯಿತೆಂದು ಗೇಟಿಗೆ ಕೆಂಪು ಬ್ಯಾನರು ಕಟ್ಟಿದರು. ರುವಾನರಿಗೆ ಬಡ್ತಿಯೂ ಸಿಕ್ಕಿತು. ಅದರ ಔತಣದಲ್ಲಿ ಪಾಂಗ್ ಅವರನ್ನು ಎಬ್ಬಿಸಿ ಎಬ್ಬಿಸಿ ಮದ್ಯ ಕುಡಿಸಿದ. ರುವಾನ್ ಬಚ್ಚಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡರು.

ಚಳಿಗಾಲದಲ್ಲಿ ಕೌ ಎಂಬ ಲಾರಿ ಚಾಲಕ ದೂರದೂರಿನಿಂದ ಮಗಳನ್ನು ಬೆನ್ನ ಮೇಲೆ ಹೊತ್ತು ತಂದ. ಹುಡುಗಿಯ ಮಂಡಿ ಊದಿಕೊಂಡಿತ್ತು. ಅವನ ಕೈಯಲ್ಲಿ ಅದೇ ಪ್ರಬಂಧದ ಪ್ರತಿ.

"ಕಾಲು ಕತ್ತರಿಸ್ಬೇಕು ಅಂದ್ರು ಡಾಕ್ಟ್ರಮ್ಮ. ನಾನು ಬ್ಯಾಡ ಅಂದೆ. ಇದನ್ನ ಓದ್ಸಿ ಕೇಳ್ದೆ, ಆ ಬೇರಿನ ಪುಡೀನೇ ತಿನ್ನಿಸ್ತಾ ಇದೀನಿ. ಇನ್ನೂ ಎಷ್ಟು ತಿನ್ನಿಸ್ಬೇಕು?"

ರುವಾನ್ ಹುಡುಗಿಯ ಮಂಡಿ ಮುಟ್ಟಿ ನೋಡಿದರು. "ಅದನ್ನ ನಾನು ಬರ್ದಿಲ್ಲಣ್ಣ. ಕೊಂಡ್ಕೊಂಡಿದ್ದು."

"ಮತ್ತೆ ಇಲಿ?"

"ಇಲೀನೂ ಇಲ್ಲ."

ಅವನು ಬೈಯಲಿಲ್ಲ. ಅರ್ಥವಾಗದವನಂತೆ ಕಾಗದವನ್ನೇ ನೋಡುತ್ತಾ ನಿಂತ. ರುವಾನ್ ಅಂದೇ ತಾವೇ ಜೊತೆಗೆ ಹೋಗಿ ಹುಡುಗಿಯನ್ನು ಪ್ರಾಂತ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದರು. ಕಾಲು ತೆಗೆದರು. ಆದರೆ ರೋಗ ಅಷ್ಟರಲ್ಲಿ ಶ್ವಾಸಕೋಶಕ್ಕೆ ಏರಿತ್ತು. ವಸಂತದ ಹಬ್ಬದ ಹೊತ್ತಿಗೆ ಹುಡುಗಿ ತೀರಿಕೊಂಡಳು.

ಪ್ರಬಂಧ ಸುಳ್ಳೆಂದು ರುವಾನ್ ಪತ್ರಿಕೆಗೆ ತಾವಾಗಿಯೇ ತಿಳಿಸಿದರು. ಪಾಂಗ್ ಕೆಂಡವಾದ.

"ಉಂಡ ಮನೆ ಜಂತೆ ಎಣಿಸ್ತೀಯಾ? ನಿನ್ನ ಒಂದನ್ನ ಕೆದಕಿದ್ರೆ ನಮ್ಮೆಲ್ಲರದೂ ನಾರುತ್ತೆ."

"ನಾರ್ತಾನೇ ಇದೆ ಸಾರ್. ನಿಮ್ಮ ಮೂಗಿಗೆ ಅಭ್ಯಾಸ ಆಗಿದೆ."

ಬಡ್ತಿ ಕಿತ್ತುಕೊಂಡು ಅವರನ್ನು ಹಳ್ಳಿಯ ಚಿಕಿತ್ಸಾಲಯಕ್ಕೆ ಅಟ್ಟಿದರು. ಪಾಂಗ್ ಉಪನಿರ್ದೇಶಕನಾದ. ಕಳೆದ ತಿಂಗಳು ರುವಾನರನ್ನು ನೋಡಲು ಹೋದಾಗ, ಸಂತೆಯಲ್ಲಿ ಬೇರಿನ ಪುಡಿಯ ಪೊಟ್ಟಣಗಳನ್ನು ಕಂಡೆ. "ವಿದೇಶಿ ಪತ್ರಿಕೆ ಒಪ್ಪಿದ ಮದ್ದು, ಡಾಕ್ಟರ್ ರುವಾನ್ ಅವರ ಸಂಶೋಧನೆ" ಎಂದು ಮೇಲೆ ಅಚ್ಚಾಗಿತ್ತು. ಪತ್ರಿಕೆ ಪ್ರಬಂಧವನ್ನು ಹಿಂತೆಗೆದು ವರ್ಷವಾಗಿತ್ತು.

"ಹೇಳಿ ನೋಡ್ದೆ ತಂಗಿ," ಎಂದರು ರುವಾನ್. "ಅಂಗಡಿಯವ್ನು ನನ್ನನ್ನೇ ಕೇಳ್ದ, ಇದನ್ನ ಸುಳ್ಳು ಅನ್ನೋಕೆ ನೀನ್ಯಾರಮ್ಮ ಅಂತ."